ಗಾಯ ಮಾಯಿತು, ಕತ್ತು ಏಳಲಿಲ್ಲ!

ಪಂಪ್ ಸ್ಟವ್ ಕಾಲ ಹೋಯಿತು, ಗ್ಯಾಸ್ ಬಂತು. ಆದರೆ ಬೆಂಕಿ ಬೆಂಕಿಯೇ, ಕುದಿಯುವ ಸಾರು ಸಾರೇ. ಭಾರತದಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಮಂದಿ ಜೋರಾಗಿ ಸುಟ್ಟುಕೊಳ್ಳುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಜೀವ ಉಳಿಯಿತು, ಗಾಯ ಮಾಯಿತು ಅಂತ ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೇ ಎರಡನೇ ಸಂಕಟ ಶುರು. ಆಳವಾಗಿ ಸುಟ್ಟ ಜಾಗದ ಕಲೆ ತಿಂಗಳುಗಟ್ಟಲೆ ಬಿಗಿಯುತ್ತಲೇ ಹೋಗುತ್ತದೆ. ಗದ್ದ ಎದೆಗೆ ಅಂಟುತ್ತದೆ. ಮೊಣಕೈ ಮಡಚಿದ್ದು ಮಡಚಿದಂತೆಯೇ ನಿಲ್ಲುತ್ತದೆ. ಬೆರಳು ಕೊಕ್ಕೆಯಾಗುತ್ತವೆ. ಚಿಲ್ಲರೆ ಎಣಿಸಲಾಗದು, ಬಸ್ಸಿನ ಕಂಬಿ ಹಿಡಿಯಲಾಗದು. ಹಣೆಬರಹ ಅಂತ ಮೂಲೆ ಸೇರಿದವರು ಎಷ್ಟೋ ಮಂದಿ!

ಹಣೆಬರಹವಲ್ಲ, ಇದಕ್ಕೆ ಆಪರೇಷನ್ ಉಂಟು. ಪ್ಲಾಸ್ಟಿಕ್ ಸರ್ಜರಿ ಅಂದರೆ ಸಿನಿಮಾದವರ ಮೂಗು ತಿದ್ದುವುದಷ್ಟೇ ಅಲ್ಲ. ಬಿಗಿದ ಕಲೆಯನ್ನು ಅಡ್ಡ ಕೊಯ್ದು ಬಿಡಿಸುತ್ತಾರೆ. ಕತ್ತು ಮೇಲೇಳುತ್ತದೆ, ಅಲ್ಲಿ ಅಗಲವಾದ ಗಾಯ ತೆರೆದುಕೊಳ್ಳುತ್ತದೆ. ಅದರ ಮೇಲೆ ತೊಡೆಯಿಂದ ತೆಳ್ಳಗೆ ತೆಗೆದ ಚರ್ಮ ಕೂರಿಸುತ್ತಾರೆ. ತೊಡೆಯ ಗಾಯ ಎರಡು ವಾರದ ಆಸುಪಾಸಿನಲ್ಲಿ ತಾನೇ ಮಾಯುತ್ತದೆ. ಕಲೆ ಹಗ್ಗದಂತೆ ಸಣ್ಣಗೆ ಎದ್ದಿದ್ದರೆ 'ಝಡ್' ಅಕ್ಷರದ ಆಕಾರದಲ್ಲಿ ಕೊಯ್ದು, ಎರಡು ತ್ರಿಕೋನಗಳನ್ನು ಅದಲುಬದಲು ಮಾಡಿ ಹೊಲಿದರೆ ಎಳೆತ ಸಡಿಲ. ಹತ್ತು ವರ್ಷದ ಹಳೇ ಸೆಟೆತವಾದರೂ ತೋರಿಸಬಹುದು. ಆದರೆ ಒಳಗಿನ ಕೀಲೇ ಬಿಗಿದುಹೋಗಿದ್ದರೆ ಪೂರ್ತಿ ಸರಿಹೋಗುವುದು ಕಷ್ಟ.

ಆಪರೇಷನ್ ಅರ್ಧ ಕೆಲಸ ಮಾತ್ರ. ಕೂರಿಸಿದ ಚರ್ಮವೂ ಕುಗ್ಗುತ್ತದೆ. ಕತ್ತಿಗೆ ಕಾಲರ್, ದಿನಾ ವ್ಯಾಯಾಮ ತಿಂಗಳುಗಟ್ಟಲೆ ಬೇಕು. ಊರಿಗೆ ಬಂದು ಕಾಲರನ್ನು ಅಟ್ಟಕ್ಕೆಸೆದರೆ ಕತ್ತು ಮತ್ತೆ ಬಗ್ಗಿತು ಅಂತಲೇ ಲೆಕ್ಕ. ಮಕ್ಕಳಿಗಾದರೆ, ಬೆಳೆದಂತೆ ಮತ್ತೊಂದು ಆಪರೇಷನ್ ಬೇಕಾದೀತು.

ದುಡ್ಡಿನ ಮಾತೋ? ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯಕ್ಕೆಂದೇ ಬೇರೆ ವಿಭಾಗವಿದೆ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆಯುಷ್ಮಾನ್ ಚಿಕಿತ್ಸೆಗಳ ಪಟ್ಟಿಯಲ್ಲಿ ಈ ಆಪರೇಷನ್ನೂ ಸೇರಿದೆ.

ಇಷ್ಟು ದೂರ ಹೋಗದಂತೆ ತಡೆಯುವುದೂ ಮನೆಯವರ ಕೈಲಿದೆ. ಸುಟ್ಟ ಕೂಡಲೇ 20 ನಿಮಿಷ ನಲ್ಲಿ ನೀರು ಬಿಡಿ. ಶಾಯಿ, ಅರಿಶಿನ, ಟೂತ್‌ಪೇಸ್ಟ್ ಬೇಡ. ಮೂರು ವಾರಕ್ಕೂ ಮಾಯದ ಗಾಯವನ್ನು ದೊಡ್ಡ ಆಸ್ಪತ್ರೆಗೆ ತೋರಿಸಿ. ಮುಖ್ಯವಾಗಿ ನೆನಪಿಡಿ, ರೋಗಿಗೆ ಹಿತವೆನಿಸುವ ಭಂಗಿಯೇ ವೈರಿ. ಕತ್ತು ಸುಟ್ಟವರಿಗೆ ಪ್ರೀತಿಯಿಂದ ಕೊಟ್ಟ ತಲೆದಿಂಬೇ ಗದ್ದವನ್ನು ಎದೆಗೆ ಎಳೆಯುತ್ತದೆ. ದಿಂಬು ತೆಗೆಯಿರಿ. ನೋಡಿದವರು ಕಲ್ಲುಮನಸ್ಸು ಅಂದರೆ ಅನ್ನಲಿ, ಕತ್ತು ಉಳಿಯುತ್ತದೆ.