ಔಷಧವೂ ರೋಗಿಯ ಇಷ್ಟವೂ

ನಾವು ಕೆಲವು ವರ್ಷಗಳಿಂದ ರಕ್ತದೊತ್ತಡಕ್ಕಾಗಿ ದಿನಕ್ಕೊಂದು ಗುಳಿಗೆಯನ್ನು ಸೇವಿಸುತ್ತಿರುವೆವು. ಅದರ ಡಬ್ಬಿಯು ಕಚೇರಿಯ ಮೇಜಿನ ಮೇಲೆಯೇ ಇರುವುದು. ಬಂದವರು ಅದನ್ನು ನೋಡಿ ಕ್ಷೇಮವನ್ನು ವಿಚಾರಿಸಿ ಹೋಗುವರು. ಎಚ್‌.ಐ.ವಿ. ಸೋಂಕುಳ್ಳವರ ಗುಳಿಗೆಗೆ ಈ ಭಾಗ್ಯವಿಲ್ಲ. ಡಬ್ಬಿಯ ಮೇಲಿನ ಚೀಟಿಯನ್ನು ಕಿತ್ತು, ಗುಳಿಗೆಗಳನ್ನು ಬೇರೆ ಕಾಗದದಲ್ಲಿ ಕಟ್ಟಿ, ಸೀರೆಯ ಮಡಿಕೆಯಲ್ಲಿ ಅಡಗಿಸಿಟ್ಟು, ಮನೆಯವರೆಲ್ಲ ಮಲಗಿದ ಮೇಲೆ ನುಂಗುವವರು ಉಂಟು. ತಮ್ಮ ತಾಲ್ಲೂಕಿನಲ್ಲಿಯೇ ಔಷಧವು ದೊರೆಯುವಂತಿದ್ದರೂ, ಗುರುತಿನವರ ಕಣ್ಣಿಗೆ ಬೀಳಬಾರದೆಂದು ದಿನದ ಕೂಲಿಯನ್ನು ಕಳೆದುಕೊಂಡು ದೂರದ ಊರಿನ ಆಸ್ಪತ್ರೆಗೆ ಬರುವವರೂ ಉಂಟು.

ನಮ್ಮ ದೇಶದಲ್ಲಿ ಈ ಸೋಂಕು ಮೊದಲು ಪತ್ತೆಯಾದುದು 1986ರಲ್ಲಿ, ಮದರಾಸಿನಲ್ಲಿ. 2004ನೆಯ ಏಪ್ರಿಲ್ 1ರಿಂದ ಸರಕಾರವು ಔಷಧವನ್ನು ಉಚಿತವಾಗಿ ಕೊಡತೊಡಗಿತು. ಇದು ಸಾಮಾನ್ಯವಾದ ಉಪಕಾರವಲ್ಲ. ಆದರೆ ಯಾವ ಔಷಧವೆಂಬುದನ್ನು ರೋಗಿಯನ್ನು ಯಾರೂ ಕೇಳಿದವರಲ್ಲ. ಮೊದಲಲ್ಲಿ ಕೊಟ್ಟ ಸ್ಟಾವುಡಿನ್ ಎಂಬುದು ಪ್ರಾಣವನ್ನು ಉಳಿಸಿತು, ಆದರೆ ಅನೇಕರ ಕೆನ್ನೆಗಳನ್ನು ಬತ್ತಿಸಿತು. ಮುಚ್ಚಿಟ್ಟ ರೋಗವನ್ನು ಮುಖವೇ ಸಾರುವಂತಾಯಿತು. ಜಿಡೋವುಡಿನ್ ಕೆಲವರ ರಕ್ತವನ್ನು ಕುಗ್ಗಿಸಿತು. ಬಳಿಕ ರಾತ್ರಿ ಮಲಗುವಾಗ ನುಂಗುವ ಒಂದೇ ಗುಳಿಗೆ ಬಂದಿತು. ಅದರೊಳಗಿನ ಎಫಾವಿರೆಂಜ್ ತಲೆ ತಿರುಗಿಸಿ ವಿಕಾರವಾದ ಕನಸುಗಳನ್ನು ತರುತ್ತಿತ್ತು. ರಾತ್ರಿ ಲಾರಿ ನಡೆಸುವವನು ಅದನ್ನು ಯಾವಾಗ ನುಂಗಬೇಕು? ಕೇಳಲಂಜಿ ಗುಳಿಗೆಯನ್ನೇ ಬಿಟ್ಟರೆ ವೈರಾಣುವು ಔಷಧಕ್ಕೆ ಬಗ್ಗದಂತಾಗುವುದು.

ಈಗಿನ ಡೊಲುಟೆಗ್ರಾವಿರ್ ಗುಳಿಗೆಯು ಇವೆಲ್ಲಕ್ಕಿಂತ ಸುಲಭವಾದುದು. ಊಟಕ್ಕೆ ಮುಂಚೆಯಾಗಲಿ ಅನಂತರವಾಗಲಿ ಸೇವಿಸಬಹುದು. ಕೆಲವರಿಗೆ ಮೈ ತೂಕವು ಹೆಚ್ಚುವುದು, ಕೆಲವರಿಗೆ ನಿದ್ರೆ ಬಾರದು. ಕಬ್ಬಿಣ ಹಾಗೂ ಸುಣ್ಣದ ಅಂಶದ ಗುಳಿಗೆಗಳನ್ನು ಅದರೊಡನೆ ಸೇವಿಸುವ ಮುನ್ನ ವೈದ್ಯರನ್ನು ಕೇಳುವುದು ಅವಶ್ಯ. ಇದರ ಚರಿತ್ರೆಯಲ್ಲಿಯೇ ಒಂದು ಪಾಠವಿದೆ. 2018ರಲ್ಲಿ ಆಫ್ರಿಕದ ಬೋತ್ಸ್ವಾನಾದಿಂದ, ಗರ್ಭಧಾರಣೆಯ ಕಾಲದಲ್ಲಿ ಇದನ್ನು ಸೇವಿಸುತ್ತಿದ್ದ ತಾಯಂದಿರ ಶಿಶುಗಳಲ್ಲಿ ಬೆನ್ನುಹುರಿಯ ದೋಷವು ಹೆಚ್ಚೆಂಬ ಶಂಕೆಯ ವಾರ್ತೆ ಬಂದಿತು. ಕೂಡಲೇ ಹಲವು ದೇಶಗಳಲ್ಲಿ ಹೆರುವ ವಯಸ್ಸಿನ ಸ್ತ್ರೀಯರಿಗೆ ಒಳ್ಳೆಯ ಔಷಧವನ್ನು ತಡೆಹಿಡಿದರು. ಅದೇ ಜುಲೈ ತಿಂಗಳಿನಲ್ಲಿ ಕಿಗಾಲಿ ನಗರದಲ್ಲಿ ಕೂಡಿದ ಸೋಂಕುಳ್ಳ ಆಫ್ರಿಕದ ಸ್ತ್ರೀಯರು, ಅಪಾಯವನ್ನು ನಮಗೆ ತಿಳಿಸಿರಿ, ಆಯ್ಕೆಯನ್ನು ನಮಗೆ ಬಿಡಿರಿ ಎಂದರು. ಮರುವರ್ಷವೇ ಅಪಾಯವು ಎಣಿಸಿದುದಕ್ಕಿಂತ ಬಹಳ ಅಲ್ಪವೆಂದು ತಿಳಿದು, ವಿಶ್ವ ಆರೋಗ್ಯ ಸಂಸ್ಥೆಯು ಎಲ್ಲರಿಗೂ ಅದನ್ನೇ ಸೂಚಿಸಿತು.

ರೋಗಿಗೆ ಏನು ತಿಳಿಯುತ್ತದೆ, ವೈದ್ಯನು ಹೇಳಿದುದನ್ನು ನುಂಗಲಿ ಎನ್ನುವವರುಂಟು. ವೈರಾಣುವಿನ ಶಾಸ್ತ್ರವು ರೋಗಿಗೆ ತಿಳಿಯದಿರಬಹುದು; ತನ್ನ ಮನೆಯಲ್ಲಿ ಅತ್ತೆಯ ಕಣ್ಣು ಯಾವ ಹೊತ್ತಿನಲ್ಲಿ ಎಲ್ಲಿರುವುದೆಂಬುದು ವೈದ್ಯನಿಗೂ ತಿಳಿಯದು. ತಪ್ಪದೆ ಸೇವಿಸಿ, ರಕ್ತಪರೀಕ್ಷೆಗೆ ಸಿಕ್ಕದಷ್ಟು ವೈರಾಣು ಕುಗ್ಗಿ ಹಾಗೆಯೇ ನಿಂತರೆ, ದಾಂಪತ್ಯದಲ್ಲಿಯೂ ಸೋಂಕು ಹರಡದು. ತಪ್ಪದೆ ಸೇವಿಸುವುದು ಮಾತ್ರ ಈ ಅತ್ತೆಯ ಕಣ್ಣಿನಂತಹ ಸಂಗತಿಗಳಿಗೆ ಕಟ್ಟುಬಿದ್ದಿರುವುದು. 2017ರ ಎಚ್‌.ಐ.ವಿ. ಶಾಸನವು, 2018ನೆಯ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವುದು, ಅರಿತು ಕೊಟ್ಟ ಒಪ್ಪಿಗೆಯಿಲ್ಲದೆ ಚಿಕಿತ್ಸೆ ಕೂಡದೆಂದು ವಿಧಿಸಿದೆ. ಕಾಗದಕ್ಕೆ ಹೆಬ್ಬೆಟ್ಟನ್ನು ಒತ್ತಿಸಿದ ಮಾತ್ರಕ್ಕೆ ಅರಿತಂತಾಗಲಿಲ್ಲ.

ಕೇಳಿದರೆ ಏನಾಗುವುದೆಂಬುದಕ್ಕೆ ಸಾಕ್ಷಿಯು ನಮ್ಮ ಮೈಸೂರಿನಲ್ಲಿಯೇ ಇದೆ. ಲೈಂಗಿಕ ವೃತ್ತಿಯವರು ತಾವೇ ನಡೆಸುವ ಆಶೋದಯ ಸಮಿತಿಯು, ಸೋಂಕು ತಗಲದಂತೆ ಮುಂಜಾಗ್ರತೆಗಾಗಿ ದಿನವೂ ಗುಳಿಗೆ ಸೇವಿಸುವ ಪ್ರಯೋಗವನ್ನು ಕೈಗೊಳ್ಳುವ ಮುನ್ನ ತನ್ನ ಸದಸ್ಯೆಯರ ಸಂಶಯಗಳನ್ನು ಕೂಡಿಸಿ ಚರ್ಚಿಸಿತು. 2016ರಲ್ಲಿ ಆರಂಭವಾದ ಆ ಪ್ರಯೋಗದಲ್ಲಿ ಆರುನೂರಕ್ಕೂ ಹೆಚ್ಚು ಸ್ತ್ರೀಯರು ಸೇರಿದರು. ಕಡೆಯವರೆಗೂ ಬಹುಮಟ್ಟಿಗೆ ಎಲ್ಲರೂ ನಿಂತರು. ಅವಿದ್ಯಾವಂತರೆಂದು ನಾವು ಯಾರನ್ನು ಕರೆಯುವೆವೋ ಅವರೇ ಇವರು!

2020ರ ಲಾಕ್‌ಡೌನ್ ಕಾಲದಲ್ಲಿ ಮೂರು ತಿಂಗಳ ಔಷಧವನ್ನು ಒಮ್ಮೆಗೇ ಕೊಡಲು ಅವಕಾಶವಾಯಿತು. ಕೂಲಿಯವಳಿಗೆ ಎರಡು ದಿನದ ಕೂಲಿಯೂ ಬಸ್ಸಿನ ಖರ್ಚೂ ಉಳಿದುವು. ಆದರೆ ಮೂರು ಡಬ್ಬಿಗಳನ್ನು ಅಡಗಿಸಲು ಸ್ಥಳವಿಲ್ಲದವಳಿಗೆ ತಿಂಗಳಿಗೊಂದೇ ಹಿತ. ಎರಡು ತಿಂಗಳಿಗೊಮ್ಮೆ ಚುಚ್ಚುವ ಮದ್ದು ಈಗ ಕೆಲವು ದೇಶಗಳಲ್ಲಿ ಬಳಕೆಗೆ ಬಂದಿದೆ. ಅದು ಇಲ್ಲಿಗೆ ಬಂದ ದಿನವೂ ಸೂಜಿಯನ್ನು ಒಲ್ಲದವರಿರುವರು. ಆದುದರಿಂದ ಚಿಕಿತ್ಸಾಕೇಂದ್ರದ ಅಧಿಕಾರಿಗಳಲ್ಲಿ ನಮ್ಮ ಬಿನ್ನಹವಿಷ್ಟೆ: ರೋಗಿಯ ಚೀಟಿಯಲ್ಲಿ ಗುಳಿಗೆಯ ಲೆಕ್ಕದ ಪಕ್ಕದಲ್ಲಿ, ಎಷ್ಟು ತಿಂಗಳಿನದು ಬೇಕು, ಯಾವ ಹೊತ್ತಿಗೆ ಅನುಕೂಲ, ಯಾವ ಊರಿನಲ್ಲಿ ಪಡೆಯಲು ಇಷ್ಟ ಎಂಬ ಮೂರು ಪ್ರಶ್ನೆಗಳಿಗೂ ಜಾಗವಿರಲಿ, ವಾರಕ್ಕೊಂದು ಸಂಜೆಯಾದರೂ ಕೇಂದ್ರದ ಬಾಗಿಲು ತೆರೆದಿರಲಿ.