ದಾದಿಯ ದಣಿವಿಗೆ ಕಾರಣವೇನು?

ತೊಲೆಯೊಂದು ಬಾಗಿದರೆ ನಾವು ಮರವನ್ನಷ್ಟೇ ದೂರುವುದಿಲ್ಲ. ಅದರ ಮೇಲೆ ಹೇರಿದ ಭಾರವೆಷ್ಟೆಂದೂ ವಿಚಾರಿಸುತ್ತೇವೆ. ಆಸ್ಪತ್ರೆಯ ದಾದಿ ಬಳಲಿ ಕೆಲಸ ಬಿಟ್ಟಾಗ ಮಾತ್ರ ಆಕೆಯ ಸಹನೆ ಸಾಲದೆಂದುಬಿಡುತ್ತೇವೆ.

ಈ ಭಾರವನ್ನು ಅಳೆದವರುಂಟು. ಅಮೆರಿಕದ ಪೆನ್ಸಿಲ್ವೇನಿಯಾ ಸಂಸ್ಥಾನದ 168 ಆಸ್ಪತ್ರೆಗಳನ್ನು ಕುರಿತು ಲಿಂಡಾ ಏಕನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನವು 2002ರಲ್ಲಿ ಪ್ರಕಟವಾಯಿತು. ಒಬ್ಬ ದಾದಿಯ ಪಾಲಿನ ರೋಗಿಗಳ ಸಂಖ್ಯೆ ಒಂದೊಂದಾಗಿ ಹೆಚ್ಚಿದಂತೆ ದಾದಿಯರ ತೀವ್ರ ಬಳಲಿಕೆಯ ಸಂಭವವು ಶೇಕಡ 23ರಷ್ಟೂ, ಶಸ್ತ್ರಚಿಕಿತ್ಸೆಯಾದ ರೋಗಿಗಳು 30 ದಿನಗಳೊಳಗೆ ಮರಣ ಹೊಂದುವ ಸಂಭವವು ಶೇಕಡ 7ರಷ್ಟೂ ಅಧಿಕವಾಗಿ ಕಂಡುಬಂದವು.

ನೇಮಕದ ಜೊತೆಗೆ ತರಬೇತನ್ನೂ ಗಮನಿಸಬೇಕು. ಶಾಲೆಯಲ್ಲಿ ಕಲಿತ ಆದರ್ಶಕ್ಕೂ ವಾರ್ಡಿನ ಧಾವಂತಕ್ಕೂ ಇರುವ ಅಂತರವು ಹೊಸ ದಾದಿಯನ್ನು ದಿಗ್ಭ್ರಮೆಗೊಳಿಸುತ್ತದೆಂದು ಮಾರ್ಲೀನ್ ಕ್ರೇಮರ್ 1974ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಹಿರಿಯ ದಾದಿಯೊಬ್ಬಳು ಕೆಲವು ತಿಂಗಳು ಜೊತೆಗಿದ್ದು ಕಲಿಸಿದರೆ ಈ ಅಂತರ ಕಿರಿದಾದೀತು. ಆದರೆ ಹುದ್ದೆಗಳು ಖಾಲಿ ಉಳಿದಿರುವಲ್ಲಿ ಆಕೆಗೆ ಕಲಿಸಲು ಬಿಡುವೆಲ್ಲಿ? ಕೈಹಿಡಿದು ನಡೆಸುವವರಿಲ್ಲದ ಕಿರಿಯಳು ಕೆಲಸ ಬಿಡುತ್ತಾಳೆ. ಉಳಿದವರ ಭಾರ ಮತ್ತಷ್ಟು ಏರುತ್ತದೆ.

ಕ್ಯಾಲಿಫೋರ್ನಿಯಾ ಸಂಸ್ಥಾನವು 1999ರಲ್ಲಿ ಶಾಸನ ಮಾಡಿ, ಒಬ್ಬ ದಾದಿಗೆ ಇಂತಿಷ್ಟೇ ರೋಗಿಗಳೆಂಬ ಮಿತಿಯನ್ನು 2004ರಲ್ಲಿ ಜಾರಿಗೆ ತಂದಿತು. ದಾದಿಯರ ಕ್ಷೇಮವನ್ನು ಬಯಸುವ ಆಸ್ಪತ್ರೆಯು ಮೊದಲು ಎಣಿಸಬೇಕಾದುದು ತನ್ನ ಖಾಲಿ ಹುದ್ದೆಗಳನ್ನು.