ನಾಯಿಮರಿ ಬರೋ ಮುಂಚೆ ಮನೆ ರೆಡಿನಾ?

ಪರೀಕ್ಷೆ ಮುಗಿದು ರಜೆ ಬಿತ್ತೆಂದರೆ ಮಕ್ಕಳದು ಒಂದೇ ಹಟ. 'ಮಮ್ಮಿ, ನಮಗೂ ಒಂದು ನಾಯಿಮರಿ ಬೇಕು!' ನೀವು ಬೇಡ ಅನ್ನುತ್ತೀರಿ, ಅವರಪ್ಪ ನೋಡೋಣ ಅನ್ನುತ್ತಾರೆ. ಕೊನೆಗೆ ಒಂದು ಭಾನುವಾರ ಮರಿ ಬಂದೇ ಬಿಡುತ್ತದೆ. ಆಮೇಲೆ ಅದನ್ನು ನೋಡಿಕೊಳ್ಳುವವರು ಯಾರು? ಮತ್ಯಾರು, ನೀವೇ! ಹಾಗಾಗಿ ಏನೇನು ಹೊಂದಿಸಿಕೊಳ್ಳಬೇಕು ಎಂಬುದು ಮೊದಲೇ ನಿಮಗೆ ಗೊತ್ತಿದ್ದರೆ ಒಳ್ಳೆಯದು.

ನಾನಿದನ್ನು ಕಲಿತದ್ದು ತಪ್ಪು ಮಾಡಿಯೇ. ಕೆಲವು ವರ್ಷಗಳ ಹಿಂದೆ ಖಾನಾಪುರದ ಹತ್ತಿರ ಇರುವ ನಮ್ಮ ಚಿಕ್ಕಮ್ಮನ ಹೊಲದ ಮನೆಯಿಂದ ಒಂದು ತಿಂಗಳ ಮರಿಯನ್ನು ಬೆಳಗಾವಿಗೆ ತಂದಿದ್ದೆವು. ಖಡೇಬಜಾರಕ್ಕೆ ಹೋಗಿ ಕೆಂಪು ಬೆಲ್ಟು, ಗೆಜ್ಜೆ, ಚೆಂಡು ಎಲ್ಲ ಕೊಂಡೆವು. ಬಟ್ಟಲ ತುಂಬ ಎಮ್ಮೆ ಹಾಲು ಇಟ್ಟೆವು. ಲಸಿಕೆ? 'ಇನ್ನೂ ಸಣ್ಣದೈತಿ, ಆಮ್ಯಾಲೆ ಹಾಕಿಸಿದರಾತು' ಅಂದುಕೊಂಡೆವು. ಆರನೇ ದಿನ ವಾಂತಿ, ರಕ್ತಭೇದಿ. ಡಾಕ್ಟರು ನೋಡಿ, 'ಪಾರ್ವೊ ಆಗೇತ್ರಿ ಅಕ್ಕಾರ, ಲಸಿಕೆ ಹಾಕಿಸಿಲ್ಲೇನ್ರಿ?' ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾರನೇ ದಿನ ಮರಿಯೂ ಇರಲಿಲ್ಲ. ಆ ಬೆಲ್ಟನ್ನು ಮಗಳು ಇನ್ನೂ ಕಪಾಟಿನಲ್ಲಿ ಇಟ್ಟುಕೊಂಡಿದ್ದಾಳೆ.

ನಿಮ್ಮ ಮನೆಯಲ್ಲಿ ಹೀಗಾಗಬಾರದು. ಅದಕ್ಕೇ ಈ ಪಟ್ಟಿ.

ಎಂಟು ವಾರ ತುಂಬಿರಲಿ

ಕಣ್ಣು ಬಿಟ್ಟ ಕೂಡಲೇ ಮರಿಯನ್ನು ಎತ್ತಿಕೊಂಡು ಬರಬೇಡಿ. ಕಡಿಮೆ ಎಂದರೂ ಎಂಟು ವಾರ ಅದು ತಾಯಿ ಹತ್ತಿರ ಇರಬೇಕು. ಒಡಹುಟ್ಟಿದ ಮರಿಗಳ ಜೊತೆ ಆಡುತ್ತಲೇ ಎಷ್ಟು ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಅದು ಕಲಿಯುತ್ತದೆ. ಇನ್ನೊಂದು ಮಾತು. ನಮ್ಮ ಕಡೆ ಬಹಳ ಜನಕ್ಕೆ ಮುಧೋಳ ನಾಯಿಯ ಆಸೆ. 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ಹೆಮ್ಮೆಯ ತಳಿ ಅದು, ನಿಜ. ಆದರೆ ಬೇಟೆಗೆ ಓಡುವ ನಾಯಿ. ದಿನಾ ಓಡಾಡಲು ಜಾಗ ಕೊಡಲಾಗದಿದ್ದರೆ ಎರಡು ಕೋಣೆಯ ಫ್ಲ್ಯಾಟಿಗೆ ಅದನ್ನು ತರಬೇಡಿ. ಊರ ನಾಯಿಯ ಮರಿ ಏನೂ ಕಡಿಮೆಯಲ್ಲ.

ಡಾಕ್ಟರು, ಕಾರ್ಡು, ದುಡ್ಡು

ಮರಿ ಬರುವ ಮೊದಲೇ ಸಮೀಪದ ಪಶು ಆಸ್ಪತ್ರೆ ಯಾವುದು, ಎಷ್ಟು ಹೊತ್ತಿಗೆ ತೆರೆದಿರುತ್ತದೆ ಎಂದು ವಿಚಾರಿಸಿ, ಡಾಕ್ಟರ ನಂಬರ್ ಬರೆದಿಟ್ಟುಕೊಳ್ಳಿ. ತಂದ ಒಂದೆರಡು ದಿನದಲ್ಲೇ ತೋರಿಸಿ. ಜಂತಿನ ಔಷಧಿ ಹಾಕಿಸಿ. ಪಾರ್ವೊ, ಡಿಸ್ಟೆಂಪರ್ ತಡೆಯುವ ಮೊದಲ ಲಸಿಕೆ 6ರಿಂದ 8 ವಾರದೊಳಗೆ ಬೀಳಬೇಕು. ಆಮೇಲೆ ಮೂರ್ನಾಲ್ಕು ವಾರಕ್ಕೊಮ್ಮೆ, ಮರಿಗೆ 16 ವಾರ ತುಂಬುವವರೆಗೆ. ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಇದೆಲ್ಲ ಮುಗಿಯುವವರೆಗೆ ಮರಿಯನ್ನು ಓಣಿಯಲ್ಲಿ ಇಳಿಬಿಡಬೇಡಿ. ತಾರೀಖುಗಳ ಕಾರ್ಡನ್ನು ಮಕ್ಕಳ ಲಸಿಕೆ ಕಾರ್ಡಿನ ಜೊತೆಗೇ ಇಡಿ. ತಿಲಕವಾಡಿಯಲ್ಲಿ ಒಂದು ಕಾಲಕ್ಕೆ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ವ್ಯಾಕ್ಸಿನ್ ಡಿಪೋ ಇರುವ ಊರು ನಮ್ಮದು. ಇಲ್ಲಿದ್ದುಕೊಂಡು ಲಸಿಕೆ ಮರೆತರೆ ಹೇಗೆ?

ಮರಿ ಆಟದಲ್ಲಿ ಕಚ್ಚಿ ಅಥವಾ ಪರಚಿ ರಕ್ತ ಬಂದರೆ ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬೇಡಿ. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. 'ನಮ್ಮ ಮನೀದ ಮರಿ' ಅಂತ ಸುಮ್ಮನಿರಬೇಡಿ.

ಬಟ್ಟಲು ಎರಡು

ಊಟಕ್ಕೆ ಸ್ಟೀಲಿನದು ಸಾಕು, ತೊಳೆಯಲು ಸುಲಭ. ನೀರಿಗೆ ಮಾತ್ರ ಅಗಲವಾದ, ಭಾರದ ಮಣ್ಣಿನ ಬೋಗುಣಿ ತನ್ನಿ. ಹಗುರ ಬಟ್ಟಲಾದರೆ ಮರಿ ಕಾಲು ಹಾಕಿ ಉರುಳಿಸುತ್ತದೆ, ದಿನವಿಡೀ ನೆಲ ಒರೆಸುವ ಕೆಲಸ ನಿಮಗೆ. ಖಾನಾಪುರದ ಮಣ್ಣು ಕುಂಬಾರಿಕೆಗೆ ಹೆಸರಾದದ್ದು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲಿದೆ. ಆ ಕಡೆ ಹೋದಾಗ ಒಂದು ಬೋಗುಣಿ ತಂದುಬಿಡಿ. ಬೇಸಿಗೆಯಲ್ಲಿ ನೀರೂ ತಂಪಾಗಿರುತ್ತದೆ.

ಏನು ಹಾಕಬೇಕು, ಏನು ಬೇಡ?

ಹಿಂದಿನ ಮನೆಯಲ್ಲಿ ತಿನ್ನುತ್ತಿದ್ದುದನ್ನೇ ಮೊದಲ ವಾರ ಕೊಡಿ. ಆಮೇಲೆ ನಿಧಾನವಾಗಿ ಬದಲಿಸಿ. ಎರಡು ತಿಂಗಳ ಮರಿಗೆ ದಿನಕ್ಕೆ ನಾಲ್ಕು ಸಲ, ಸ್ವಲ್ಪ ಸ್ವಲ್ಪ. ಮರಿಗಳಿಗೆಂದೇ ಸಿಗುವ ಆಹಾರ ಹಾಕಬಹುದು. ಇಲ್ಲದಿದ್ದರೆ ಮೆತ್ತಗಿನ ಅನ್ನಕ್ಕೆ ಬೇಯಿಸಿದ ಮೊಟ್ಟೆಯೋ ಕೋಳಿಯೋ ಕಲಸಿ ಹಾಕಿ, ಬೇರೇನು ಸೇರಿಸಬೇಕೆಂದು ಡಾಕ್ಟರನ್ನು ಕೇಳಿ. ಹಸು, ಎಮ್ಮೆ ಹಾಲು ಬಹಳ ಮರಿಗಳಿಗೆ ಭೇದಿ ಮಾಡಿಸುತ್ತದೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಚಾಕೊಲೇಟು, ದ್ರಾಕ್ಷಿ, ಮನೂಕ ಎಲ್ಲ ನಾಯಿಗೆ ವಿಷ. ಉಳಿದ ಮಟನ್ ರಸ್ಸಾ, ಬೇಯಿಸಿದ ಎಲುಬು ಬೇಡ. ಮಕ್ಕಳು ಪ್ರೀತಿಯಿಂದ ಕುಂದಾ ತಿನ್ನಿಸಲು ಬಂದರೆ ಅದಕ್ಕೂ 'ಬ್ಯಾಡ' ಅನ್ನಿ.

ಹಾಸಿಗೆ

ದುಬಾರಿ ಬೆಡ್ ಬೇಕಿಲ್ಲ. ರಟ್ಟಿನ ಡಬ್ಬಿಯಲ್ಲಿ ಹಳೆಯ ಕೌದಿ ಮಡಿಸಿ ಹಾಕಿ. ಒಗೆದು ಹಾಕಲು ಇನ್ನೊಂದು ಇರಲಿ, ನಮ್ಮ ಮಳೆಗಾಲದಲ್ಲಿ ಬಟ್ಟೆ ಬೇಗ ಒಣಗುವುದಿಲ್ಲ. ತಾಯಿ ಮಲಗಿದ್ದ ಜಾಗದ ಒಂದು ಬಟ್ಟೆ ಕೇಳಿ ತಂದರೆ ಆ ವಾಸನೆಗೆ ಮರಿ ಸಮಾಧಾನವಾಗಿರುತ್ತದೆ. ಮೊದಲ ರಾತ್ರಿ ಅತ್ತೇ ಅಳುತ್ತದೆ. ಡಬ್ಬಿಯನ್ನು ನಿಮ್ಮ ಮಂಚದ ಹತ್ತಿರವೇ ಇಡಿ. ಹಳೆಯ ಪೇಪರುಗಳನ್ನು ಮಾರಿಬಿಡಬೇಡಿ, ಸೂಸು ಒರೆಸಲು ಬೇಕು.

ರಾತ್ರಿ ಹೊರಗೆ ಕಟ್ಟಬೇಡಿ. ಖಾನಾಪುರದ ಕಾಡಂಚಿನ ಊರುಗಳಲ್ಲಿ ಚಿರತೆಗೆ ನಾಯಿಯೇ ಸುಲಭದ ತುತ್ತು. 2022ರ ಆಗಸ್ಟಿನಲ್ಲಿ ಬೆಳಗಾವಿಯ ಜಾಧವನಗರಕ್ಕೇ ಚಿರತೆ ಬಂದದ್ದು ನೆನಪಿದೆಯಲ್ಲ?

ಬೆಲ್ಟು ಕೊನೆಗೆ

ಬೆಲ್ಟು ಮೆತ್ತಗಿರಲಿ, ಕುತ್ತಿಗೆ ಮತ್ತು ಬೆಲ್ಟಿನ ನಡುವೆ ಎರಡು ಬೆರಳು ಹೋಗುವಷ್ಟು ಸಡಿಲವಿರಲಿ. ಹಲ್ಲು ಬರುವಾಗ ಕಡಿಯಲು ಗಟ್ಟಿ ರಬ್ಬರಿನ ಆಟಿಗೆ ಕೊಡಿ. ಚಪ್ಪಲಿ, ವೈರು, ಫಿನಾಯಿಲ್, ಇಲಿ ಪಾಷಾಣ ಎಲ್ಲ ಮೇಲೆ ಸೇರಲಿ. ಗೇಟಿನ ಸರಳುಗಳ ನಡುವೆ ಮರಿ ನುಸುಳುವಂತಿದ್ದರೆ ಜಾಳಿಗೆ ಕಟ್ಟಿಸಿ.

ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಬರೀ ಫಿನಾಯಿಲ್‌ಗೆ ಬಗ್ಗುವುದಿಲ್ಲ. ನಾವು ಬ್ಲೀಚಿಂಗ್ ನೀರಿನಿಂದ ನೆಲ ತೊಳೆದು, ಹಳೆಯ ಹಾಸಿಗೆ ಸುಟ್ಟು, ವರ್ಷ ಕಳೆದ ಮೇಲೆಯೇ ಇನ್ನೊಂದು ಮರಿ ತಂದದ್ದು. ಈ ಸಲ ಮೊದಲು ಬಂದದ್ದು ಡಾಕ್ಟರ ಅಪಾಯಿಂಟ್‌ಮೆಂಟು, ಆಮೇಲೆ ಬೋಗುಣಿ, ಕೌದಿ. ಕೊನೆಗೆ ಮರಿ. ಈಗ ಅದು ನಾನು ಬರೆಯುವ ಟೇಬಲ್ಲಿನ ಕೆಳಗೇ ಮಲಗಿದೆ.

ಮಕ್ಕಳು ಮತ್ತೆ ಹಟ ಹಿಡಿದರೆ ಈ ಪುಟವನ್ನು ಅವರ ಕೈಗೇ ಕೊಡಿ. 'ಇಷ್ಟೂ ಹೊಂದಿಸಿದ ಮೇಲೆ ಮರಿ ತರೋಣ' ಅನ್ನಿ. ಏನಂತೀರಿ?